ಕೆಂಪು ರೇಷ್ಮೆ ಸುತ್ತಿದ ಕತ್ತರಿ

ಪಕ್ಕದಲ್ಲಿ ಕೂತಿದ್ದ ಸತ್ಯಾ ಬಿಕ್ಕಿದ ಸದ್ದಿಗೆ ಚೆಲ್ಲಮ್ಮ ಧ್ಯಾನದ ನಡುವೆಯೇ ಕಣ್ಣು ಬಿಟ್ಟಳು. ಸತ್ಯಾಳ ಅಂಗೈಯಲ್ಲಿ ಎಳೆ ಕತ್ತರಿಸುವ ಪುಟ್ಟ ಕತ್ತರಿಯೊಂದಿತ್ತು. ಅದರ ಹಿಡಿಗೆ ಕೆಂಪು ರೇಷ್ಮೆ ಸುತ್ತಿದವಳು ಚೆಲ್ಲಮ್ಮನೇ.

ಸೇಲಂ ಊರಿನ ಗುಗೈ ಬಡಾವಣೆಯ ಆ ಮಾಳಿಗೆ ಮನೆಯಲ್ಲಿ ಬುದ್ಧನ ಮೈತ್ರಿ ಧ್ಯಾನ ಕಲಿಸುವ ಸಾರ್, ನಿಮ್ಮನ್ನು ನೋಯಿಸಿದವರ ವಸ್ತು ಒಂದನ್ನು ಕೈಯಲ್ಲಿಟ್ಟುಕೊಂಡು ಅವರು ಚೆನ್ನಾಗಿರಲಿ ಅಂತ ಹರಸಿ ಅಂದಿದ್ದರು. "ನಂಗೆ ಅಂತೋರು ಯಾರೂ ಇಲ್ಲ ಸಾರ್," ಅಂದು ಚೆಲ್ಲಮ್ಮ ಬರಿಗೈಲಿ ಬಂದು ಕೂತಿದ್ದಳು. ಹಾಗನ್ನುವಾಗ ಕೊಂಚ ಹೆಮ್ಮೆಯೂ ಆಗಿತ್ತು.

ಆ ಕತ್ತರಿ ಕಾಣದಾದಾಗ ಅವಳು ಸೊಸೆಯನ್ನು ಬೀದಿಗೆಲ್ಲ ಕೇಳುವಂತೆ ಬೈದಿದ್ದಳು. ಅವತ್ತು ಮಗ್ಗದ ಗುಂಡಿಗಿಳಿದು ಮೊಬೈಲ್ ಬೆಳಕಲ್ಲಿ ತಡಕಾಡಿದವಳು ಇದೇ ಸತ್ಯಾ. ಚೆಲ್ಲಮ್ಮ ತಂಗಿಯಂತೆ ಪಕ್ಕದಲ್ಲಿ ಕೂರಿಸಿಕೊಂಡು ಲಾಳಿ ಎಸೆಯುವುದನ್ನು ಕಲಿಸಿದ್ದ ಪಕ್ಕದ ಮನೆಯವಳು. ಇವಳಿಗೆ ತಾನು ಏನು ಮಾಡಿದೆ ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಅವಂಗ ನಲ್ಲಾ ಇರುಕ್ಕಟ್ಟುಂ," ಅವರು ಚೆನ್ನಾಗಿರಲಿ ಅಂತ ಸಾರ್ ತಮಿಳಲ್ಲಿ ಹರಸಿದರು. ಎಲ್ಲರಿಗಿಂತ ಜೋರಾಗಿ ಅದನ್ನೇ ಹೇಳಿ ಸತ್ಯಾ ಕಣ್ಣು ಬಿಟ್ಟಳು. ಚೆಲ್ಲಮ್ಮನ ಮುಖ ಕಂಡದ್ದೇ ಬೆಚ್ಚಿ ಮುಷ್ಟಿ ಬಿಗಿದಳು. "ನಿನ್ ಮ್ಯಾಲಿದ್ದ ಕೋಪ ಎಲ್ಲಾ ಓಯ್ತು ಕಣಕ್ಕಾ. ನಿಜವಾಗ್ಲೂ."

ಚೆಲ್ಲಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತಗೊಂಡಳು.

"ಇಲ್ಲಿ ಕೊಡು. ಇನ್ಮೇಲೆ ನಾನೂ ಬರಿಗೈಲಿ ಕೂತ್ಕಬೇಕಾಗಿಲ್ಲ."