ಕೃತಜ್ಞತೆಯ ಕೊನೆಯ ಸಾಲು

ವಿಶ್ವವಿದ್ಯಾಲಯದವರು ಅಚ್ಚು ಹಾಕಿಸಿದ ಹೊಸ ಪುಸ್ತಕದ ಮುಖಪುಟದ ಮೇಲೆ ಪರ್ವೇಜ್ ಬೆರಳಾಡಿಸುತ್ತಿದ್ದರು. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು, ರೇಷ್ಮೆಗೂಡಿನ ನೂಲು ಬಿಚ್ಚಿ ಮರಗಟ್ಟಿದ ಬೆರಳು ಅದು. ಕನ್ನಡದಲ್ಲಿ ಅವರಿಗೆ ಓದಲು ಬರುತ್ತಿದ್ದುದು ಒಂದೇ ಪದ, ಮಗಳ ಹೆಸರು. ಅದು ಅಲ್ಲಿರಲಿಲ್ಲ.

"ನಿನ್ ಹೆಸ್ರು ಎಲ್ಲೈತಮ್ಮಾ?"

ಶೈಸ್ತಾ ಪುಟ ತಿರುಗಿಸಿ ಕೃತಜ್ಞತೆಗಳ ಕೊನೆಯ ಸಾಲು ತೋರಿಸಿದಳು. 'ಬೆರಳಚ್ಚು ಮಾಡಿಕೊಟ್ಟ ಕುಮಾರಿ ಶೈಸ್ತಾ.' ಮೇಲೂರು, ಸಾದಲಿಯ ಮನೆಮನೆ ಅಲೆದು, ರೇಷ್ಮೆ ಕೆಲಸದವರ ಪದಗಳನ್ನು ಆರು ವರ್ಷ ಕಲೆಹಾಕಿದವಳು ಅವಳು. ಮುಖಪುಟದಲ್ಲಿದ್ದುದು ಅವಳ ಮಾರ್ಗದರ್ಶಕರ ಹೆಸರು.

"ನನ್ ಪ್ರಬಂಧಾನೇ ಇದ್ದಂಗೇ ಹಾಕ್ಕೊಂಡವ್ರೆ ಅಬ್ಬಾ," ಎಂದಳು. "ದುಡಿದೋರ ಹೆಸ್ರು ಹಾಕೋಕೆ ಏನ್ ಕಷ್ಟ ಇವ್ರಿಗೆ? ಕಳ್ಳತನ ಅಲ್ವಾ ಇದು?"

"ಕಳ್ಳತನಾನೇ," ಎಂದು ಪರ್ವೇಜ್ ಹಾಳೆ ಮಗುಚಿದರು. "ನಾನ್ ಹೇಳ್ಕೊಟ್ಟ ಮಾತೆಲ್ಲಾ ಇದ್ರಲ್ಲಿ ಐತಾ?"

"ಐತೆ. ಮುನ್ನೂರಕ್ಕೂ ಜಾಸ್ತಿ."

"ಮತ್ತೆ ನೀನ್ ಬರ್ದಿದ್ರಲ್ಲಿ ನನ್ ಹೆಸ್ರು ಹಾಕಿದ್ಯೇನಮ್ಮಾ?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಆಸೆಯಿತ್ತು. ಶೈಸ್ತಾಗೆ ತಲೆ ಎತ್ತಲಾಗಲಿಲ್ಲ. ಆ ಮುನ್ನೂರು ಪದಗಳ ಕೆಳಗೆಲ್ಲ ಅವಳು ಬರೆದಿದ್ದುದು 'ಶಿಡ್ಲಘಟ್ಟದ ಒಬ್ಬ ಕೂಲಿಕಾರ ಹೇಳಿದಂತೆ' ಎಂದು. ಅವರು ತನ್ನ ಅಪ್ಪ ಎಂದು ಬರೆದುಕೊಳ್ಳಲು ಆಗ ಅವಳಿಗೆ ನಾಚಿಕೆಯಾಗಿತ್ತು.