ಶಾಸನದ ಮುಂದೆ ಸಾಹೇಬರು

“ಸಾರ್, ಒಂಚೂರು ಪಕ್ಕಕ್ಕೆ ನಿಂತ್ಕೋಬಾರ್ದಿತ್ತಾ?” ಎಂದ ಮಹದೇವು. ಸರಸ್ವತಿಪುರಂನ ಹೋಟೆಲಿನ ಮೇಜಿನ ಮೇಲೆ, ಆಗಷ್ಟೇ ಸ್ಟುಡಿಯೋದಿಂದ ತಂದ ಫೋಟೋಗಳಲ್ಲಿ, ಚಂದ್ರಮೌಳಿ ಸಾಹೇಬರ ಅರ್ಮೇನಿಯಾ ಹರಡಿತ್ತು: ಒಂದೇ ದಿನದಲ್ಲಿ ನೋಡಿ ಮುಗಿಸಿದ ಎರಡು ಮಠ, ಒಂದು ಉತ್ಖನನ, ಒಂದು ದ್ರಾಕ್ಷಾರಸದ ಕಾರ್ಖಾನೆ. ಶಾಸನ ಕಂಡಲ್ಲೆಲ್ಲ ಸಾಹೇಬರು ಅದಕ್ಕೆ ಬೆನ್ನು ಕೊಟ್ಟು, ಅರ್ಧ ಅಕ್ಷರಗಳನ್ನು ಹೊಸ ಕೋಟಿನಿಂದ ಮುಚ್ಚಿ ನಿಂತಿದ್ದರು.

“ನಾನು ಹೋಗಿದ್ದಕ್ಕೆ ಸಾಕ್ಷಿ ಬೇಡ್ವೇನಯ್ಯ? ಮಠ ನಮ್ಮ ಮಠದ ಹಂಗೇ ಕಣಯ್ಯ, ದಾಸೋಹ ಒಂದಿಲ್ಲ. ವೈನ್ ಕೊಟ್ರು. ಮೂಸಿ ನೋಡಿ ಇಟ್ಬುಟ್ಟೆ.” ಮೂಸಿದ್ದಕ್ಕೇ ಲೋಟ ಖಾಲಿಯಾಗಿದ್ದು ಮುಂದಿನ ಫೋಟೋದಲ್ಲಿ ಕಾಣುತ್ತಿತ್ತು.

ಮಹದೇವು ಅದನ್ನು ಗಮನಿಸಲಿಲ್ಲ; ಅವನ ಕಣ್ಣು ಕಲ್ಲಿನ ಮೇಲಿತ್ತು. ಇಪ್ಪತ್ತೆರಡು ವರ್ಷಗಳಿಂದ ಸಾಹೇಬರ ಪುರಾತತ್ವ ಕಚೇರಿಗೆ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದವನು ಅವನೇ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತುವವನು. ಈ ಪ್ರವಾಸಕ್ಕೆ ಅವನ ಹೆಸರೂ ಹೋಗಿತ್ತು, ಪಾಸ್‌ಪೋರ್ಟೂ ಬಂದಿತ್ತು. ಕೊನೆಗಳಿಗೆಯಲ್ಲಿ, ಒಬ್ಬರು ಹೋದರೆ ಸಾಕು ಎಂದು ಆದೇಶವಾಯಿತು.

“ಕಲ್ಲು ಎಂಗಿತ್ತು ಸಾರ್? ನುಣುಪಾ, ತರಿತರಿನಾ?”

“ಮುಟ್ಲಿಲ್ಲ ಕಣಯ್ಯ, ಬಸ್ಸು ಹೊರಟಿತ್ತು. ಬೇಕಾದ್ರೆ ಒಂದು ಫೋಟೋ ಇಟ್ಕೋ,” ಎಂದು ಸಾಹೇಬರು ಕೈ ತೊಳೆಯಲು ಎದ್ದರು.

ಮಹದೇವು ಒಂದನ್ನು ಆರಿಸಿ, ಸಾಹೇಬರ ಮೇಲೆ ಹೆಬ್ಬೆರಳಿಟ್ಟ. ಅವರು ಕೋಟಿನ ಸಮೇತ ಮುಚ್ಚಿಹೋದರು. ಉಗುರಿನ ಸಂದಿಯಲ್ಲಿ ಮಸಿ ಉಳಿದಿದ್ದ ಆ ಬೆರಳೊಂದೇ ಈಗ ಕಲ್ಲಿಗೆ ಒತ್ತಿಕೊಂಡಿತ್ತು. ಮಸಾಲೆ ದೋಸೆ ಬಂದರೂ ಅವನು ಬೆರಳು ತೆಗೆಯಲಿಲ್ಲ.