ಹದಿನಾಲ್ಕು ಮೆಟ್ಟಿಲ ಪಂಪು

ಒಂಬತ್ತನೇ ಬಕೆಟ್ ಎತ್ತಿಕೊಂಡು ಅವಳು ನೆಲಮಾಳಿಗೆಯಿಂದ ಹೊರಟರೆ, ಗಂಡ ಮೂರನೇ ಮೆಟ್ಟಿಲ ಮೇಲೆ ದಾರಿಗೆ ಅಡ್ಡವಾಗಿ ಕೂತಿದ್ದ. ಕೈಯಲ್ಲಿ ಫೋನು, ತೊಡೆಯ ಮೇಲೆ ಅಂಕಿ ತುಂಬಿದ ಹಾಳೆ, ಕಿವಿಯ ಹಿಂದೆ ಶಾಯಿ ಪೆನ್ನು.

“ನೋಡು,” ಎಂದು ಫೋನನ್ನು ಅವಳ ಮುಖದ ಹತ್ತಿರ ಹಿಡಿದ. ಒಂದು ಪಂಪಿನ ಚಿತ್ರ ಸರಿಸಿ ಇನ್ನೊಂದನ್ನು ತಂದ. “ಇದಾ? ಅದಾ?”

ಅವನು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ ‘ಇದಾ? ಅದಾ?’ ಎಂದು ಕೇಳಿ ಕೇಳಿ, ಮನೆಯಲ್ಲೂ ಬಾಯಿಗೆ ಅದೇ ಬರುತ್ತಿತ್ತು.

“ಎರಡೂ ಒಂದೇ ಥರ ಕಾಣ್ತಿದೆ. ದಾರಿ ಬಿಡಿ.”

ಮೇಲೆ ನಡುಮನೆಯಲ್ಲಿ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿ. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಜೀವಂತ ಹವಳ. ಮೀನು ಅವನ ಶೋಕಿ. ಹವಳ ಅವಳದು, ಉಗುರಿನಷ್ಟು ಚೂರು ತಂದು ನಾಲ್ಕು ವರ್ಷದಲ್ಲಿ ಅಂಗೈಯಗಲ ಬೆಳೆಸಿದ್ದಳು. ತೊಟ್ಟಿಯ ನೀರು ಕೊಳವೆಯಲ್ಲಿ ನೆಲಮಾಳಿಗೆಯ ಸಂಪು ಎಂಬ ಕೆಳತೊಟ್ಟಿಗೆ ಇಳಿದು, ಅಲ್ಲಿ ಸೋಸಿ, ಬೆಚ್ಚಗಾಗಿ, ಪಂಪಿನ ಕೃಪೆಯಿಂದ ಮತ್ತೆ ಮೇಲೆ ಹೋಗಬೇಕು. ಆ ಪಂಪು ಮೂರು ವಾರದಿಂದ ಕಟಕಟ ಹಲ್ಲು ಕಡಿಯುತ್ತಿತ್ತು. ಊರಿನಲ್ಲಿ ಅಂಥದ್ದು ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು. ಯಾವುದನ್ನು ತರಿಸುವುದೆಂದು ಇವನು ಮೂರು ವಾರದಿಂದ ಆರಿಸುತ್ತಲೇ ಇದ್ದ. ಈ ಭಾನುವಾರ ಬೆಳಿಗ್ಗೆ ಪಂಪು ಹಲ್ಲು ಕಡಿಯುವುದನ್ನೂ ಬಿಟ್ಟಿತು. ನೀರು ಓಡಾಡದಿದ್ದರೆ ಹವಳ ಉಳಿಯುವುದಿಲ್ಲ. ಅದಕ್ಕೇ ಹತ್ತು ನಿಮಿಷಕ್ಕೊಂದು ಬಕೆಟ್. ಹಾಳಾದ ನೀರು, ಅವಳು ಮೇಲೆ ಸುರಿದು ಮೆಟ್ಟಿಲಿಳಿಯುವುದರೊಳಗೆ ಕೊಳವೆಯಲ್ಲಿ ಜಾರಿ, ಅವಳಿಗಿಂತ ಮೊದಲೇ ಸಂಪಿಗೆ ಬಂದು ಕೂತಿರುತ್ತಿತ್ತು.

“ಕಣ್ಮುಚ್ಚಿ ತಗೊಳ್ಳೋ ವಸ್ತು ಅಲ್ಲ ಕಣೇ ಇದು,” ಎಂದ ಅವನು, ಅರ್ಧ ಅಂಗುಲ ಸರಿದು. “ಡಬ್ಬದ ಮೇಲೇನೋ ಗಂಟೆಗೆ ಆರು ಸಾವಿರ ಲೀಟರ್ ಅಂತ ಬರೆದಿರ್ತಾರೆ. ಅದು ಮಟ್ಟವಾದ ನೆಲದ ಮೇಲೆ. ಹದಿನಾಲ್ಕು ಅಡಿ ಎತ್ತಬೇಕು ಅಂದ್ರೆ ಅರ್ಧಕ್ಕಿಂತ ಕೆಳಗೆ ಇಳಿದುಬಿಡುತ್ತೆ. ಪೈಪು ತಿರುಗಿದಲ್ಲೆಲ್ಲ ಇನ್ನಷ್ಟು ಕಮ್ಮಿ.”

“ಮಟ್ಟವಾದ ನೆಲದ ಮೇಲೆ ನಾನೂ ಆರು ಸಾವಿರಾನೇ ರೀ. ಹದಿನಾಲ್ಕು ಮೆಟ್ಟಿಲು ಹತ್ತೋವಾಗ ಗಂಟೆಗೆ ಅರವತ್ತು. ಸದ್ದು ಬೇರೆ ಬರ್ತಿದೆ, ಕೇಳಿಸ್ತಿಲ್ವಾ?”

“ಹಾಂ, ಸದ್ದು! ಒಳ್ಳೆ ಮಾತು ತೆಗೆದೆ. ಇದಕ್ಕೆ ಕಸುವು ಜಾಸ್ತಿ, ಆದ್ರೆ ಗೊರಗೊರ ಅನ್ನುತ್ತಂತೆ. ಅದಕ್ಕೆ ಸದ್ದೇ ಇಲ್ಲ, ಆದ್ರೆ…”

“ಅವನನ್ನ ನಂಬ್ಕೊಂಡು ನಿಂತ್ಕೋಬೇಡ ಕಣಮ್ಮಾ!” ಮೇಲಿನಿಂದ ಅತ್ತೆಯ ದನಿ ಬಂತು. ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. “ಚಪ್ಪಲಿ ತರ್ತೀನಿ ಅಂತ ಹೋಗಿ, ಹಳೇದನ್ನ ಅಂಗಡೀಲೇ ಎಸೆದು, ಹೊಸದು ಯಾವುದೂ ಒಪ್ಪಿಗೆ ಆಗ್ಲಿಲ್ಲ ಅಂತ ಬರಿಗಾಲಲ್ಲಿ ಬಂದ ಮಹಾನುಭಾವ ಅವನು!”

“ಅಮ್ಮಾ, ನೀನು ಹವಳ ನೋಡು!”

“ಅದನ್ನೇ ನೋಡ್ತಿದ್ದೀನಪ್ಪಾ. ಮುದುಡ್ಕೋತಾ ಇದೆ. ನೀನು ನಿನ್ನ ಪಟ್ಟಿ ನೋಡ್ಕೋ.”

ಮುದುಡಿಕೊಳ್ಳುತ್ತಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬಕೆಟ್ಟನ್ನು ತಂದು ಗಂಡನ ತೊಡೆಯ ಮೇಲೇ ಇಟ್ಟುಬಿಟ್ಟಳು. ನೀರು ತುಳುಕಿ, ಮೂರು ವಾರದ ಅಂಕಿಗಳು ಹಾಳೆಯ ತುಂಬ ನೀಲಿಯಾಗಿ ಹರಡಿಕೊಂಡವು.

“ಫೋನು ಇಲ್ಲಿ ಕೊಡಿ. ಇನ್ಮೇಲೆ ಆರಿಸೋದು ನಾನು, ಹೊರೋದು ನೀವು.”

“ಪಂಪಿನ ವಿಷಯ ನಿನಗೇನೇ ಗೊತ್ತು?”

“ಎತ್ತರ ಗೊತ್ತು.”

ಅವನು ಎದ್ದ. ಮೊದಲ ಬಕೆಟ್ಟನ್ನು ‘ಇದೇನು ಮಹಾ’ ಎಂಬಂತೆ ಎದೆ ಸೆಟೆಸಿ ಹೊತ್ತ. ಎರಡನೆಯದಕ್ಕೆ ಗೋಡೆ ಹಿಡಿದ. ಮೂರನೆಯದನ್ನು ಹೇಗೋ ಸುರಿದು ಬಂದವನು ಕೆಳಗಿಳಿಯಲಾರದೆ ಏಳನೇ ಮೆಟ್ಟಿಲಲ್ಲಿ ಕುಸಿದು ಕೂತ. ಕನ್ನಡಕ ಬೆವರಿಗೆ ಜಾರಿ ಮೂಗಿನ ತುದಿಗೆ ಬಂದಿತ್ತು.

“ಯಾವುದಾದ್ರೂ ಒಂದು ಒತ್ತೇ ಮಹರಾಯ್ತಿ! ಗೊರಗೊರ ಅನ್ನಲಿ, ಗುಡುಗಲಿ, ಮೇಲಕ್ಕೆ ನೀರು ಹೋದ್ರೆ ಸಾಕು!”

ಅವಳು ಒತ್ತಿದಳು. “ಮೂರು ವಾರದಲ್ಲಿ ಆಗದ್ದು ಮೂರು ಬಕೆಟ್ಟಿಗೆ ಆಯ್ತು ನೋಡಿ.”

“ಸದ್ಯ, ನಾನು ಬದುಕಿದೆ,” ಎಂದು ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. “ಎಷ್ಟು ಹೊತ್ತಿಗೆ ಬರುತ್ತಂತೆ? ಸಂಜೆಗಾ?”

ಅವಳು ಫೋನು ನೋಡಿದಳು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದಳು.

“ಬುಧವಾರ.”

ಅವನು ಈಗಷ್ಟೇ ಹೊತ್ತು ಸುರಿದಿದ್ದ ನೀರು ಗೋಡೆಯ ಕೊಳವೆಯಲ್ಲಿ ಗಳಗಳನೆ ಇಳಿದು ಸಂಪಿಗೆ ಬಿತ್ತು. ಆಮೇಲೆ ಆ ಸದ್ದು ನಿಂತಿತು.

“ಎಲ್ಲಿ ಹೋದ್ರೋ ಇಬ್ರೂ?” ಅತ್ತೆ ಕೂಗಿದರು. “ಈಗ ತಾನೇ ಚೂರು ಅರಳ್ತಾ ಇತ್ತು, ಮತ್ತೆ ನೀರು ನಿಲ್ಲಿಸಿಬಿಟ್ರಲ್ಲ!”

ಅವಳು ಹೋಗಿ ಸಂಪಿನ ಹಿಂದಿನಿಂದ ಇನ್ನೊಂದು ಬಕೆಟ್ ಎಳೆದು ತಂದಳು. ಎರಡನ್ನೂ ಕಂಠಮಟ್ಟ ತುಂಬಿದಳು. ಕೆಂಪು ಒಂದು, ನೀಲಿ ಒಂದು. ಎರಡನ್ನೂ ಮೊದಲ ಮೆಟ್ಟಿಲ ಮೇಲೆ ಒತ್ತೊತ್ತಿಗೆ ಇಟ್ಟು, ತೋಳು ಮಡಿಸಿ, ತಲೆಯೆತ್ತಿ ಗಂಡನನ್ನು ಕೇಳಿದಳು:

“ಇದಾ? ಅದಾ?”